ಫೆಂಟನಿಲ್ ಹಾವಳಿ: ಅಮೆರಿಕದ ಶಾಲೆಗಳು ಹಿಡಿದ ದಾರಿ

2022ರ ಸೆಪ್ಟೆಂಬರ್‌ನಲ್ಲಿ ಲಾಸ್ ಏಂಜಲೀಸ್ ನಗರದ ಹಾಲಿವುಡ್ ಭಾಗದ ಪ್ರೌಢಶಾಲೆಯೊಂದರ ಶೌಚಾಲಯದಲ್ಲಿ 15 ವರ್ಷದ ವಿದ್ಯಾರ್ಥಿನಿಯೊಬ್ಬಳು ಶವವಾಗಿ ಪತ್ತೆಯಾದಳು. ನೋವು ನಿವಾರಕ ಪರ್ಕೊಸೆಟ್ ಎಂದು ನಂಬಿ ಆಕೆ ನುಂಗಿದ್ದ ಮಾತ್ರೆಯಲ್ಲಿ ಇದ್ದುದು ಫೆಂಟನಿಲ್. ಆಗ ಶಾಲಾ ಜಿಲ್ಲೆಯ ಮುಖ್ಯಸ್ಥರಾಗಿದ್ದ ಆಲ್ಬರ್ಟೊ ಕಾರ್ವಾಲ್ಹೊ ಅದೇ ತಿಂಗಳು, ತಮ್ಮ ವ್ಯಾಪ್ತಿಯ ಎಲ್ಲ ಶಾಲೆಗಳಲ್ಲಿ ನಲೋಕ್ಸೋನ್ ಎಂಬ ಪ್ರತ್ಯೌಷಧವನ್ನು ಇರಿಸಲಾಗುವುದೆಂದು ಪ್ರಕಟಿಸಿದರು. ನಾಲ್ಕು ಲಕ್ಷಕ್ಕೂ ಅಧಿಕ ಮಕ್ಕಳಿದ್ದ, ದೇಶದಲ್ಲಿಯೇ ಎರಡನೆಯ ದೊಡ್ಡ ಶಾಲಾ ಜಿಲ್ಲೆ ಅದು.

ಅಮೆರಿಕದ ಶಾಲಾ ಜಿಲ್ಲೆಯೆಂದರೆ ನಮ್ಮ ಶಿಕ್ಷಣ ಇಲಾಖೆಯ ಜಿಲ್ಲಾ ಕಚೇರಿಯಂತಲ್ಲ. ಸಾಮಾನ್ಯವಾಗಿ ಅದಕ್ಕೆ ಸ್ಥಳೀಯರೇ ಆರಿಸಿದ ಮಂಡಳಿಯಿರುತ್ತದೆ, ಸ್ವಂತ ಆಯವ್ಯಯವಿರುತ್ತದೆ. ಆದಕಾರಣ ಒಂದೇ ಪಿಡುಗಿಗೆ ಊರಿಗೊಂದು ಉತ್ತರ ಹುಟ್ಟಿಕೊಂಡಿತು.

ಫೆಂಟನಿಲ್ ಮೂಲತಃ ಔಷಧಿಯೇ. ಬೆಲ್ಜಿಯಂನ ಪಾಲ್ ಯಾನ್ಸೆನ್ 1960ರಲ್ಲಿ ಇದನ್ನು ಸಿದ್ಧಪಡಿಸಿದರು. ಶಸ್ತ್ರಚಿಕಿತ್ಸೆಯಲ್ಲಿ ಇಂದಿಗೂ ಬಳಕೆಯಲ್ಲಿದೆ. ಮಾರ್ಫಿನ್‌ಗಿಂತ ಸುಮಾರು 100 ಪಟ್ಟು ಪ್ರಬಲವಾದ ಇದರ 2 ಮಿಲಿಗ್ರಾಂ, ಅಂದರೆ ಪೆನ್ಸಿಲ್ ಮೊನೆಯ ಮೇಲೆ ನಿಲ್ಲುವಷ್ಟು ಪುಡಿ, ಪ್ರಾಣ ತೆಗೆಯಬಲ್ಲದು. ಕಳ್ಳ ತಯಾರಕರು ಇದನ್ನು ನಕಲಿ ಮಾತ್ರೆಗಳಲ್ಲಿ ಬೆರೆಸುತ್ತಾರೆ. ಸಾಮಾಜಿಕ ಜಾಲತಾಣಗಳ ಮೂಲಕ ಅವು ಮಕ್ಕಳ ಕೈ ಸೇರುತ್ತವೆ. 14ರಿಂದ 18 ವರ್ಷದವರಲ್ಲಿ ಮಾದಕ ವಸ್ತುವಿನ ಅತಿಸೇವನೆಯಿಂದಾದ ಸಾವು 2019ರಲ್ಲಿ 492 ಇದ್ದುದು 2020ರಲ್ಲಿ 954ಕ್ಕೆ ಏರಿತು. ವಿಚಿತ್ರವೆಂದರೆ, ಅದೇ ಅವಧಿಯಲ್ಲಿ ಮಾದಕ ವಸ್ತು ಬಳಸುವ ಮಕ್ಕಳ ಪ್ರಮಾಣ ಹೆಚ್ಚಿರಲಿಲ್ಲ. ಹೆಚ್ಚಿದ್ದು ವಸ್ತುವಿನ ಮಾರಕತೆ.

ಹೀಗಾಗಿ ಹಳೆಯ ಪಾಠ ಇಲ್ಲಿ ಉಪಯೋಗಕ್ಕೆ ಬರಲಿಲ್ಲ. 1983ರಲ್ಲಿ ಇದೇ ಲಾಸ್ ಏಂಜಲೀಸ್‌ನಲ್ಲಿ ಆರಂಭವಾದ 'ಡೇರ್' ಕಾರ್ಯಕ್ರಮದಲ್ಲಿ ಪೊಲೀಸರೇ ತರಗತಿಗೆ ಬಂದು 'ಬೇಡ ಎನ್ನಿ' ಎಂದು ಬೋಧಿಸುತ್ತಿದ್ದರು. ಅದರಿಂದ ಶಾಶ್ವತ ಪ್ರಯೋಜನವಾಗಲಿಲ್ಲವೆಂದು ಅನಂತರದ ಅಧ್ಯಯನಗಳು ತೋರಿಸಿದವು. ಆರೆಗಾನ್ ರಾಜ್ಯದ ಬೀವರ್ಟನ್ ಶಾಲಾ ಜಿಲ್ಲೆ ಬೇರೆ ದಾರಿ ಹಿಡಿಯಿತು. ಮಗನನ್ನು ಕಳೆದುಕೊಂಡ ದಂಪತಿಯೊಬ್ಬರ ಒತ್ತಾಸೆಯಿಂದ 2021ರಲ್ಲಿ 'ಫೇಕ್ ಅಂಡ್ ಫೇಟಲ್' (ನಕಲಿ ಮತ್ತು ಮಾರಕ) ಎಂಬ ಪ್ರಚಾರ ಕೈಗೊಂಡಿತು. ಇಲ್ಲಿ ಉಪದೇಶ ಕಡಿಮೆ, ಮಾಹಿತಿ ಹೆಚ್ಚು: ಔಷಧಿ ಅಂಗಡಿಯದಲ್ಲದ ಯಾವ ಮಾತ್ರೆಯನ್ನೂ ನಕಲಿಯೆಂದೇ ಭಾವಿಸಬೇಕು. ಟೆಕ್ಸಾಸ್ 2023ರಲ್ಲಿ 6ರಿಂದ 12ನೇ ತರಗತಿಯವರೆಗೆ ಪ್ರತಿವರ್ಷ ಫೆಂಟನಿಲ್ ಪಾಠವನ್ನು ಕಾನೂನಿನ ಮೂಲಕವೇ ಕಡ್ಡಾಯಗೊಳಿಸಿತು.

ನಲೋಕ್ಸೋನ್ ಮೂಗಿಗೆ ಸಿಂಪಡಿಸುವ ಔಷಧಿ. ಮೆದುಳಿನಲ್ಲಿ ಫೆಂಟನಿಲ್ ಹಿಡಿದ ಜಾಗವನ್ನು ತೆರವುಗೊಳಿಸಿ, ನಿಂತ ಉಸಿರನ್ನು ಕೆಲವೇ ನಿಮಿಷಗಳಲ್ಲಿ ಮರಳಿಸುತ್ತದೆ. ಅದರ ಪರಿಣಾಮ 30ರಿಂದ 90 ನಿಮಿಷ ಮಾತ್ರ. ಆದ್ದರಿಂದ ಆಂಬ್ಯುಲೆನ್ಸ್ ಕರೆಯಲೇಬೇಕು. ಫೆಂಟನಿಲ್ ಸೇವಿಸದವರಿಗೆ ತಪ್ಪಿ ಕೊಟ್ಟರೂ ಹಾನಿಯಿಲ್ಲ. 2023ರ ಮಾರ್ಚ್‌ನಲ್ಲಿ ವೈದ್ಯರ ಚೀಟಿಯಿಲ್ಲದೆ ಮಾರಲು ಒಪ್ಪಿಗೆ ದೊರೆಯಿತು.

ಇದನ್ನು ಇಡುವುದೆಂದರೆ ಮಾದಕ ವಸ್ತುವಿಗೆ ಪರವಾನಗಿ ಕೊಟ್ಟಂತೆ ಎಂಬ ಆಕ್ಷೇಪ ಕೇಳಿಬರುತ್ತದೆ. ಅಗ್ನಿಶಾಮಕ ಸಿಲಿಂಡರ್ ತೂಗುಹಾಕಿದರೆ ಬೆಂಕಿಗೆ ಆಹ್ವಾನವಾಗದು ಎಂಬುದಷ್ಟೇ ಅದಕ್ಕೆ ಉತ್ತರ. ನಿಜವಾದ ತೊಡಕು ಬೇರೆಯಿದೆ: ಔಷಧಿ ದಾದಿಯ ಕೋಣೆಯ ಬೀರುವಿನಲ್ಲಿದ್ದು, ದಾದಿ ಆ ದಿನ ಇನ್ನೊಂದು ಶಾಲೆಯಲ್ಲಿದ್ದರೆ? ಲಾಸ್ ಏಂಜಲೀಸ್ ಜಿಲ್ಲೆ 2023ರ ಆರಂಭದಲ್ಲಿ ವಿದ್ಯಾರ್ಥಿಗಳೇ ಅದನ್ನು ಜೊತೆಯಲ್ಲಿಟ್ಟುಕೊಳ್ಳಲು ಅನುಮತಿಸಿತು.

ಆ ತೀರ್ಮಾನಕ್ಕೆ ಆಧಾರವಿತ್ತು. 2019ರ ಜುಲೈನಿಂದ 2021ರ ಡಿಸೆಂಬರ್‌ವರೆಗೆ 10ರಿಂದ 19 ವರ್ಷದವರ ಇಂಥ ಸಾವುಗಳನ್ನು ಪರಿಶೀಲಿಸಿದ ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ಸುಮಾರು ಮೂರನೇ ಎರಡರಷ್ಟು ಪ್ರಕರಣಗಳಲ್ಲಿ ಸಮೀಪದಲ್ಲೇ ಯಾರಾದರೂ ಇದ್ದರೆಂದು ಕಂಡುಕೊಂಡಿತು. ಬಹುಪಾಲು ಸಾವು ಸಂಭವಿಸಿದ್ದು ಶಾಲೆಯಲ್ಲಲ್ಲ, ಮನೆಯಲ್ಲಿ.