ಸ್ಟ್ರಿಪ್ಪಿನ ಕರೆಂಟು ಏನು ಹೇಳುತ್ತದೆ

ಮಣಿಪಾಲದ ಎಂಐಟಿಯಲ್ಲೋ ನಿಟ್ಟೆಯಲ್ಲೋ ಪ್ರಾಜೆಕ್ಟಿಗೆ ಗ್ಲುಕೋಮೀಟರ್ ಆರಿಸಿಕೊಂಡ ತಂಡಕ್ಕೆ ಸರ್ಕ್ಯೂಟು ದೊಡ್ಡ ತಲೆನೋವಲ್ಲ. ಸ್ಟ್ರಿಪ್ಪಿನ ಕರೆಂಟು ಹತ್ತು ಮೈಕ್ರೋಆಂಪಿಯರ್ ಇದ್ದು, ಆಪ್-ಆಂಪಿಗೆ 100 ಕಿಲೋಓಮ್ ಫೀಡ್‌ಬ್ಯಾಕ್ ರೆಸಿಸ್ಟರ್ ಹಾಕಿದರೆ ಒಂದು ವೋಲ್ಟ್ ಕೈಗೆ ಸಿಗುತ್ತದೆ. ಆರ್ಡುಯಿನೋ ಅದನ್ನು ಆರಾಮವಾಗಿ ಓದುತ್ತದೆ. ಆ ಕರೆಂಟು ಯಾವುದರದ್ದು ಎಂಬುದೇ ಕಷ್ಟದ ಪ್ರಶ್ನೆ. ಈ ಕ್ಷೇತ್ರ ಅರವತ್ತು ವರ್ಷದಿಂದ ಗುದ್ದಾಡುತ್ತಿರುವುದೂ ಅದರೊಂದಿಗೇ.

1962ರಲ್ಲಿ ಅಮೆರಿಕದ ಲೆಲ್ಯಾಂಡ್ ಕ್ಲಾರ್ಕ್ ಮತ್ತು ಚಾಂಪ್ ಲಯನ್ಸ್ ಆಮ್ಲಜನಕ ಅಳೆಯುವ ಎಲೆಕ್ಟ್ರೋಡಿನ ಮೇಲೆ ಗ್ಲುಕೋಸ್ ಆಕ್ಸಿಡೇಸ್ ಕಿಣ್ವ ಕೂರಿಸುವ ಉಪಾಯ ಮುಂದಿಟ್ಟರು. ಕಿಣ್ವ ಸಕ್ಕರೆಯನ್ನು ಉತ್ಕರ್ಷಿಸುವಾಗ ಆಮ್ಲಜನಕ ಖರ್ಚಾಗುತ್ತದೆ. ಎಷ್ಟು ಇಳಿಯಿತೋ ಅದೇ ಸಕ್ಕರೆಯ ಲೆಕ್ಕ. ಆದರೆ ಮಾದರಿಯಲ್ಲೇ ಆಮ್ಲಜನಕ ಹೆಚ್ಚುಕಮ್ಮಿಯಾದರೆ ಲೆಕ್ಕ ತಪ್ಪುತ್ತದೆ. 1973ರಲ್ಲಿ ಗಿಲ್ಬೋ ಮತ್ತು ಲುಬ್ರಾನೊ ಅದರ ಬದಲು ಹೊರಬರುವ ಹೈಡ್ರೋಜನ್ ಪೆರಾಕ್ಸೈಡನ್ನೇ ಅಳೆದರು. ಅದಕ್ಕೆ ಬೇಕಾದ ಹೆಚ್ಚಿನ ವೋಲ್ಟೇಜಿನಲ್ಲಿ ವಿಟಮಿನ್ ಸಿ, ಯೂರಿಕ್ ಆಮ್ಲ, ಪ್ಯಾರಾಸಿಟಮಾಲ್ ಕೂಡ ಎಲೆಕ್ಟ್ರಾನ್ ಬಿಟ್ಟುಕೊಡುತ್ತವೆ. 1984ರಲ್ಲಿ ಇಂಗ್ಲೆಂಡಿನ ಸಂಶೋಧಕರು ಫೆರೋಸೀನ್ ಎಂಬ ದಲ್ಲಾಳಿಯನ್ನು ನಡುವೆ ತಂದು ಆ ವೋಲ್ಟೇಜನ್ನು ಇಳಿಸಿದರು. ಮೂರೇ ವರ್ಷದಲ್ಲಿ ಪೆನ್ನಿನಷ್ಟು ದೊಡ್ಡ ಮೀಟರ್ ಮಾರುಕಟ್ಟೆಗೆ ಬಂತು. ಇಂದಿನ ಮೆಡಿಕಲ್ ಶಾಪಿನ ಸ್ಟ್ರಿಪ್ಪುಗಳು ಹೆಚ್ಚಾಗಿ ಇದೇ ವಂಶದವು.

ಆಮ್ಲಜನಕದ ತಂಟೆಯೇ ಬೇಡವೆಂದು ಕೆಲವರು ಗ್ಲುಕೋಸ್ ಡಿಹೈಡ್ರೋಜಿನೇಸ್ ಎಂಬ ಬೇರೆ ಕಿಣ್ವ ಹಿಡಿದರು. ಅದರ ಪಿಕ್ಯೂಕ್ಯೂ ಎಂಬ ಬಗೆ ಮಾಲ್ಟೋಸನ್ನೂ ಗ್ಲುಕೋಸ್ ಎಂದೇ ಎಣಿಸಿತು. ಡಯಾಲಿಸಿಸ್ ದ್ರವದ ಇಕೋಡೆಕ್ಸ್‌ಟ್ರಿನ್ ಮೈಯೊಳಗೆ ಮಾಲ್ಟೋಸ್ ಆಗುವ ರೋಗಿಗಳಲ್ಲಿ ಮೀಟರ್ ಸುಳ್ಳು ಏರಿಕೆ ತೋರಿಸಿತು. ಅದನ್ನು ನಂಬಿ ಇನ್ಸುಲಿನ್ ಕೊಟ್ಟರೆ ಜೀವಕ್ಕೇ ಸಂಚಕಾರ. 2009ರಲ್ಲಿ ಅಮೆರಿಕದ ಎಫ್‌ಡಿಎ ಎಚ್ಚರಿಸುವ ಹೊತ್ತಿಗೆ 13 ಸಾವುಗಳು ವರದಿಯಾಗಿದ್ದವು. ಹಾಗಾಗಿ ಡಬ್ಬಿಯೊಳಗಿನ ಚೀಟಿಯಲ್ಲಿ ಕಿಣ್ವದ ಹೆಸರನ್ನು ಮೊದಲು ಓದಬೇಕು, ಆಪ್-ಆಂಪಿನ ಡೇಟಾಶೀಟ್ ಆಮೇಲೆ.

ಸ್ಟ್ರಿಪ್ಪಿನ ಸಿಗ್ನಲ್ ಒಂದು ಸ್ಥಿರ ಅಂಕಿ ಅಲ್ಲ, ಇಳಿಯುವ ಗೆರೆ. ವೋಲ್ಟೇಜ್ ಕೊಟ್ಟೊಡನೆ ಜಿಗಿಯುವ ಕರೆಂಟು, ಕಾಟ್ರೆಲ್ ಸೂತ್ರದಂತೆ, ಕಾಲದ ವರ್ಗಮೂಲಕ್ಕೆ ವಿಲೋಮವಾಗಿ ಕುಗ್ಗುತ್ತದೆ. ಎರಡನೇ ಸೆಕೆಂಡಿನಲ್ಲಿ 14 ಮೈಕ್ರೋಆಂಪಿಯರ್ ಇದ್ದದ್ದು ನಾಲ್ಕನೆಯದರಲ್ಲಿ ಸುಮಾರು 10. ಹನಿ ಅದೇ, ಸಕ್ಕರೆಯೂ ಅಷ್ಟೇ! ಓದುವ ಗಳಿಗೆ ಪ್ರೋಗ್ರಾಮಿನಲ್ಲಿ ಅತ್ತಿತ್ತ ಸರಿದರೆ ರೆಸಿಸ್ಟರ್ ಎಷ್ಟು ನಿಖರವಿದ್ದೂ ಫಲವಿಲ್ಲ. ಇದರ ಮೇಲೆ ತಾಪಮಾನ: ಎಸಿ ಲ್ಯಾಬಿನಲ್ಲಿ ಹೊಂದಿಸಿದ್ದು ಕಾಪುವಿನ ಬೇಸಿಗೆಗೆ ಸರಿಹೋಗದು, ಥರ್ಮಿಸ್ಟರ್ ಬೇಕೇ ಬೇಕು. ಮಳೆಗಾಲದಲ್ಲಿ ಸ್ಟ್ರಿಪ್ ಡಬ್ಬಿ ತೆರೆದಿಟ್ಟರೆ ಕಿಣ್ವ ಕೆಡುತ್ತದೆ. ತೋಳಿಗೆ ಅಂಟಿಸುವ ಸೆನ್ಸರುಗಳಲ್ಲಂತೂ ಕರೆಂಟು ನ್ಯಾನೋಆಂಪಿಯರಿನದು. 80 ನ್ಯಾನೋಆಂಪಿಯರ್ ಬಯಾಸ್ ಕರೆಂಟಿನ 741 ಆಪ್-ಆಂಪ್ ಅಲ್ಲಿ ಕೆಲಸಕ್ಕೆ ಬಾರದು.

ಬೆಂಗಳೂರಿನ ಐಐಎಸ್‌ಸಿಯ ನವಕಾಂತ ಭಟ್ಟರು, 2018ರ ಇನ್ಫೋಸಿಸ್ ಪ್ರಶಸ್ತಿ ಪಡೆದವರು, ಸಂಸ್ಥೆಯಲ್ಲೇ ಹುಟ್ಟಿದ ಪಾಥ್‌ಶೋಧ್ ಕಂಪನಿಯ ಮೂಲಕ ಕೈಯಲ್ಲಿ ಹಿಡಿಯುವ ಒಂದೇ ಸಾಧನದಲ್ಲಿ ಗ್ಲುಕೋಸ್ ಜೊತೆಗೆ ಗ್ಲೈಕೇಟೆಡ್ ಹಿಮೋಗ್ಲೋಬಿನ್, ಮೂತ್ರದ ಆಲ್ಬುಮಿನ್ ಅಳೆಯುವ ದಾರಿ ಹಿಡಿದರು. ವಿದ್ಯಾರ್ಥಿಗಳು ನೋಡಿ ಕಲಿಯಬೇಕಾದದ್ದು ಇಂಥದ್ದನ್ನು.

ಬೆರಳಿಗೆ ಇನ್‌ಫ್ರಾರೆಡ್ ಎಲ್‌ಇಡಿ ಹಿಡಿದು ಸಕ್ಕರೆ ಹೇಳುವ ಪ್ರಾಜೆಕ್ಟುಗಳ ಬಗ್ಗೆ ನನಗೆ ಗುಮಾನಿಯಿದೆ. ಚರ್ಮ ಚುಚ್ಚದೆ ಸಕ್ಕರೆ ಅಳೆಯುವ ಯಾವ ವಾಚು, ಉಂಗುರಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲವೆಂದು ಎಫ್‌ಡಿಎ 2024ರ ಫೆಬ್ರುವರಿಯಲ್ಲಿ ಹೇಳಿತು. ಬೆರಳು ಚುಚ್ಚಿಕೊಳ್ಳುವುದೂ ಬೇಡವೆಂದರೆ ಕಂಟ್ರೋಲ್ ಸಲ್ಯೂಷನ್ ತಂದು, ಒಂದೇ ಲಾಟಿನ ಸ್ಟ್ರಿಪ್ಪುಗಳಲ್ಲಿ ಇಡೀ ಗೆರೆಯನ್ನು ದಾಖಲಿಸಿಕೊಳ್ಳಬಹುದು. ಆ ದ್ರಾವಣದಲ್ಲಿ ಕೆಂಪು ರಕ್ತಕಣಗಳಿಲ್ಲ. ರಕ್ತದ ಹನಿಯ ಗೆರೆ ಬೇರೆಯೇ ಬರುತ್ತದೆಂದು ವರದಿಯಲ್ಲಿ ಬರೆದರಾಯಿತು.