ಓದಿನ ಜಮಾಖರ್ಚು

ಊರು ಬಿಟ್ಟು ಬಂದು ನೆಲೆಸಿದ ನಮ್ಮಂಥವರ ಮನೆಗಳಲ್ಲಿ ಬೇಸಿಗೆ ಬಂತೆಂದರೆ ಎರಡು ವಿಷಯಗಳ ಚರ್ಚೆ ತಪ್ಪದು. ಒಂದು, ಊರಿಗೆ ಹೋಗುವ ರೈಲಿನ ಟಿಕೆಟು. ಇನ್ನೊಂದು, ಮಕ್ಕಳ ಮುಂದಿನ ಓದು. ಮಗ ಡಿಪ್ಲೊಮಾ ಮುಗಿಸಿದ್ದಾನೆ, ಇಂಜಿನಿಯರಿಂಗ್ ಪದವಿಗೆ ಸೇರಿದರೆ ಎಷ್ಟು ವರ್ಷ ಉಳಿದೀತು? ತಂದೆಗೆ ಬೇರೆ ರಾಜ್ಯಕ್ಕೆ ವರ್ಗವಾಗಿದೆ, ಮಗಳು ಇಲ್ಲಿ ಮುಗಿಸಿದ ಎರಡು ಸೆಮಿಸ್ಟರುಗಳನ್ನು ಅಲ್ಲಿಯ ಕಾಲೇಜು ಲೆಕ್ಕಕ್ಕೆ ಹಿಡಿದೀತೇ? ಒಂದು ವರ್ಷ ಹೋಯಿತೆಂದರೆ ಹೋಗುವುದು ಬರಿಯ ವರ್ಷವಲ್ಲ. ಅದರೊಡನೆ ಒಂದು ವರ್ಷದ ಫೀಜು, ಹಾಸ್ಟೆಲಿನ ಖರ್ಚು, ತಮ್ಮನ ಸರದಿ, ತಂದೆಯ ನಿವೃತ್ತಿಯ ಲೆಕ್ಕ ಎಲ್ಲವೂ ಏರುಪೇರಾಗುತ್ತವೆ.

ಇದನ್ನು ಈ ಕಾಲದ ಕಷ್ಟವೆಂದು ನಾವು ಭಾವಿಸುತ್ತೇವೆ. ಆದರೆ ಒಂದು ಕಡೆ ಓದಿದ್ದನ್ನು ಇನ್ನೊಂದು ಕಡೆ ಜಮಾ ಮಾಡಿಸಿಕೊಳ್ಳುವ ಪ್ರಯತ್ನಕ್ಕೆ ನೂರು ವರ್ಷಕ್ಕೂ ಮಿಕ್ಕ ಇತಿಹಾಸವಿದೆ. ಆ ಇತಿಹಾಸದಲ್ಲಿ ಕನ್ನಡಿಗರ ಪಾಲೂ ಸಣ್ಣದಲ್ಲ.

ಪುಣೆಯ ಹಾದಿ

ನಮ್ಮ ದೇಶದಲ್ಲಿ ಇಂಜಿನಿಯರಿಂಗ್ ಶಿಕ್ಷಣ ಹುಟ್ಟಿದ್ದು ವಿಶ್ವವಿದ್ಯಾಲಯಗಳಲ್ಲಲ್ಲ, ಸರ್ಕಾರದ ಲೋಕೋಪಯೋಗಿ ಇಲಾಖೆಯ ಅಗತ್ಯದಿಂದ. ರೂರ್ಕಿಯಲ್ಲಿ 1847ರಲ್ಲಿ ಕಾಲೇಜು ಆರಂಭವಾಯಿತು. ಪುಣೆಯಲ್ಲಿ 1854ರಲ್ಲಿ ಇಂಜಿನಿಯರಿಂಗ್ ತರಗತಿಯೊಂದು ತೆರೆಯಿತು. ಮದ್ರಾಸಿನಲ್ಲಿ 1794ರಷ್ಟು ಹಿಂದೆಯೇ ಇದ್ದ ಸರ್ವೆ ಶಾಲೆ ಮುಂದೆ ಗಿಂಡಿಯ ಇಂಜಿನಿಯರಿಂಗ್ ಕಾಲೇಜಾಯಿತು. 1857ರಲ್ಲಿ ಕಲ್ಕತ್ತಾ, ಮುಂಬಯಿ, ಮದ್ರಾಸು ವಿಶ್ವವಿದ್ಯಾಲಯಗಳು ಸ್ಥಾಪನೆಯಾದ ಮೇಲೆ ಈ ಶಾಲೆಗಳು ಒಂದೊಂದಾಗಿ ಅವುಗಳ ಆಶ್ರಯಕ್ಕೆ ಬಂದವು. ಆಗ ಪ್ರಶ್ನೆ ಎದ್ದಿತು: ಸಾಮಾನ್ಯ ಕಾಲೇಜಿನಲ್ಲಿ ಗಣಿತ, ವಿಜ್ಞಾನ ಓದಿದವನನ್ನು ಇಂಜಿನಿಯರಿಂಗ್ ತರಗತಿಗೆ ಯಾವ ಆಧಾರದ ಮೇಲೆ ಸೇರಿಸಿಕೊಳ್ಳಬೇಕು?

ಆ ಕಾಲದ ಮೈಸೂರಿನಲ್ಲಿ ಇಂಜಿನಿಯರಿಂಗ್ ಪದವಿ ಕೊಡುವ ಕಾಲೇಜು ಇರಲಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜು ಮದ್ರಾಸು ವಿಶ್ವವಿದ್ಯಾಲಯಕ್ಕೆ ಸೇರಿತ್ತು. ಮುದ್ದೇನಹಳ್ಳಿಯ ಬಡ ಹುಡುಗನೊಬ್ಬ ಮನೆಪಾಠ ಹೇಳಿಕೊಂಡು ಅಲ್ಲಿ ಬಿ.ಎ. ಮುಗಿಸಿದ. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ನೆರವಿನಿಂದ ಪುಣೆಯ ಕಾಲೇಜ್ ಆಫ್ ಸೈನ್ಸ್ ಸೇರಿದ. 1883ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಎಲ್.ಸಿ.ಇ. ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದು, ಜೇಮ್ಸ್ ಬರ್ಕ್ಲಿ ಬಹುಮಾನ ಗಳಿಸಿ, ಮರುವರ್ಷ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರ್ ಆದ. ಅವರೇ ಸರ್ ಎಂ. ವಿಶ್ವೇಶ್ವರಯ್ಯನವರು.

ಈ ಕಥೆಯನ್ನು ನಾವೆಲ್ಲರೂ ಶಾಲೆಯಲ್ಲಿ ಕೇಳಿದ್ದೇವೆ. ಆದರೆ ಅದರೊಳಗಿನ ಒಂದು ಸಂಗತಿಯನ್ನು ಸಾಮಾನ್ಯವಾಗಿ ಗಮನಿಸುವುದಿಲ್ಲ. ಅವರ ಮೊದಲ ಪದವಿ ಮದ್ರಾಸಿನದು, ಎರಡನೆಯದು ಮುಂಬಯಿಯದು, ಹಣ ಮೈಸೂರಿನದು. ಒಂದು ವಿಶ್ವವಿದ್ಯಾಲಯದ ಓದಿಗೆ ಇನ್ನೊಂದು ಬಾಗಿಲು ತೆರೆಯದಿದ್ದರೆ, ಒಂದು ಸಂಸ್ಥಾನ ತನ್ನ ಗಡಿಯಾಚೆಯ ಓದಿಗೆ ಹಣ ಕೊಡದಿದ್ದರೆ, ಆ ಇಂಜಿನಿಯರು ನಮಗೆ ಸಿಗುತ್ತಿರಲಿಲ್ಲ.

ಹರಿದು ಹಂಚಿದ ನಾಡು, ಹರಿದು ಹಂಚಿದ ಪರೀಕ್ಷೆ

ಮೈಸೂರು ವಿಶ್ವವಿದ್ಯಾಲಯ 1916ರಲ್ಲಿ ಸ್ಥಾಪನೆಯಾಯಿತು. ಮರುವರ್ಷವೇ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು ತೆರೆಯಿತು. ಆಗ ದಿವಾನರಾಗಿದ್ದವರು ವಿಶ್ವೇಶ್ವರಯ್ಯನವರೇ. ತಾವು ನಡೆದ ದೂರವನ್ನು ಮುಂದಿನವರು ನಡೆಯದಿರಲಿ ಎಂಬ ಇಚ್ಛೆ ಅದರ ಹಿಂದೆ ಇದ್ದಿರಬೇಕು.

ಆದರೆ ಅದು ಹಳೆಯ ಮೈಸೂರಿನವರಿಗಾಯಿತು. ಉಳಿದ ಕನ್ನಡಿಗರ ಪಾಡೇನು? ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡದವರು ಮುಂಬಯಿ ವಿಶ್ವವಿದ್ಯಾಲಯದವರು. ಧಾರವಾಡದ ಕರ್ನಾಟಕ ಕಾಲೇಜು 1917ರಲ್ಲಿ ಆರಂಭವಾದ ಮೇಲೆ ಇಂಟರ್ ಸೈನ್ಸ್‌ವರೆಗೆ ಊರಿನ ಸಮೀಪ ಓದಬಹುದಾಗಿತ್ತು. ಆಮೇಲೆ ಇಂಜಿನಿಯರ್ ಆಗಬೇಕೆಂದರೆ ಪುಣೆಯ ಗಾಡಿ ಹತ್ತಬೇಕು. ಮಂಗಳೂರಿನವರು ಮದ್ರಾಸು ವಿಶ್ವವಿದ್ಯಾಲಯದವರು, ಅವರ ಹಾದಿ ಗಿಂಡಿಯ ಕಡೆಗೆ. ಕಲಬುರ್ಗಿ, ರಾಯಚೂರು, ಬೀದರದವರಿಗೆ ಹೈದರಾಬಾದಿನ ಉಸ್ಮಾನಿಯಾ. ಅಲ್ಲಿ 1929ರಲ್ಲಿ ಇಂಜಿನಿಯರಿಂಗ್ ಕಾಲೇಜು ತೆರೆದರೂ ವಿಶ್ವವಿದ್ಯಾಲಯದ ಬೋಧನೆಯ ಮಾಧ್ಯಮ ಉರ್ದು. ಮನೆಯಲ್ಲಿ ಕನ್ನಡ, ತರಗತಿಯಲ್ಲಿ ಉರ್ದು, ಮುಂದೆ ಕೆಲಸಕ್ಕೆಂದು ಮುಂಬಯಿಗೋ ಮೈಸೂರಿಗೋ ಹೋದರೆ ಇಂಗ್ಲಿಷ್. ಆ ವಿದ್ಯಾರ್ಥಿಯ ಓದಿಗೆ ಹೊರಗೆ ಎಷ್ಟು ಬೆಲೆ ಬಂದೀತೆಂಬ ಚಿಂತೆ ಆ ಭಾಗದ ಹಿರಿಯರನ್ನು ಕಾಡದೆ ಇರಲಿಲ್ಲ.

ಹೀಗೆ ಒಂದೇ ಭಾಷೆಯಾಡುವ ಜನ ನಾಲ್ಕು ವಿಶ್ವವಿದ್ಯಾಲಯಗಳ ಬಾಗಿಲಲ್ಲಿ ನಿಂತಿದ್ದರು. ಸೋದರಸಂಬಂಧಿಗಳಿಬ್ಬರು ಓದಿದ ಗಣಿತ ಒಂದೇ ಆದರೂ ಪರೀಕ್ಷೆ ಬೇರೆ, ಪ್ರಮಾಣಪತ್ರ ಬೇರೆ. ಏಕೀಕರಣದ ಕೂಗಿನ ಹಿಂದೆ ಸಾಹಿತ್ಯ, ಆಡಳಿತಗಳಷ್ಟೇ ಅಲ್ಲದೆ ಈ ವಿದ್ಯಾರ್ಥಿಗಳ ತೊಂದರೆಯೂ ಇತ್ತೆಂಬುದನ್ನು ನಾವು ಮರೆಯಬಾರದು. ಹುಬ್ಬಳ್ಳಿಯಲ್ಲಿ ಬಿ.ವಿ.ಬಿ. ಇಂಜಿನಿಯರಿಂಗ್ ಕಾಲೇಜು 1947ರಲ್ಲಿ ಆರಂಭವಾಯಿತು. ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಸ್ಥಾಪನೆಯಾಯಿತು; ಅದರ ಕಚೇರಿ ಮೊದಲು ಇದ್ದದ್ದು ಮುಂಬಯಿಯಲ್ಲಿಯೇ, ಧಾರವಾಡಕ್ಕೆ ಹೋದದ್ದು ಆಮೇಲೆ.

ಈ ಗೊಂದಲ ಕನ್ನಡಿಗರದು ಮಾತ್ರವಾಗಿರಲಿಲ್ಲ. ವಿಶ್ವವಿದ್ಯಾಲಯಗಳು ಪರಸ್ಪರರ ಪದವಿಗಳನ್ನು ಗುರುತಿಸಲು ನೆರವಾಗಲೆಂದು 1925ರಲ್ಲಿ ಅಂತರ ವಿಶ್ವವಿದ್ಯಾಲಯ ಮಂಡಳಿ ರಚನೆಯಾಯಿತು. 1973ರಲ್ಲಿ ಅದು ಭಾರತೀಯ ವಿಶ್ವವಿದ್ಯಾಲಯಗಳ ಸಂಘವೆಂಬ ಹೆಸರು ಪಡೆಯಿತು. ಆದರೆ ಮಂಡಳಿ ನೋಡುತ್ತಿದ್ದದ್ದು ಪೂರ್ಣಗೊಂಡ ಪದವಿಯನ್ನು. ಅರ್ಧ ಓದಿದವನ ಅರ್ಧಕ್ಕೆ ಲೆಕ್ಕವಿರಲಿಲ್ಲ.

ಪಿಂಚಣಿಯಿಂದ ಹುಟ್ಟಿದ ಅಳತೆ

ಅರ್ಧಕ್ಕೂ ಲೆಕ್ಕವಿಡುವ ಕ್ರಮ ಬಂದದ್ದು ಅಮೆರಿಕದಿಂದ. ಅದರ ಹುಟ್ಟು ವಿಚಿತ್ರವಾಗಿದೆ. ಉಕ್ಕಿನ ದೊರೆ ಆ್ಯಂಡ್ರೂ ಕಾರ್ನೆಗಿ ಕಾಲೇಜು ಅಧ್ಯಾಪಕರ ನಿವೃತ್ತಿ ವೇತನಕ್ಕೆಂದು 1905ರಲ್ಲಿ ಒಂದು ಕೋಟಿ ಡಾಲರು ಕೊಟ್ಟ. ಯಾವ ಕಾಲೇಜಿನವರಿಗೆ ಈ ಪಿಂಚಣಿ ಕೊಡಬೇಕು? ಕಾಲೇಜೆಂದರೆ ಯಾವುದು, ಪ್ರೌಢಶಾಲೆಯೆಂದರೆ ಯಾವುದು ಎಂದೇ ಆಗ ಅಲ್ಲಿ ಖಚಿತವಿರಲಿಲ್ಲ. ಆದ್ದರಿಂದ ನಿಧಿಯವರು 1906ರಲ್ಲಿ ಒಂದು ಅಳತೆ ಗೊತ್ತುಮಾಡಿದರು: ಒಂದು ವಿಷಯವನ್ನು ವರ್ಷಕ್ಕೆ ಸುಮಾರು 120 ಗಂಟೆ ಓದಿದರೆ ಒಂದು ಯೂನಿಟ್, ಅಂಥ 14 ಯೂನಿಟ್ ಮುಗಿಸಿದವರನ್ನು ಸೇರಿಸಿಕೊಳ್ಳುವುದೇ ಕಾಲೇಜು. ಪಿಂಚಣಿಯ ಆಸೆಗೆ ಕಾಲೇಜುಗಳು ಒಂದೊಂದಾಗಿ ಈ ಅಳತೆಗೆ ಒಪ್ಪಿದವು. ಮಾರಿಸ್ ಕುಕ್ ಎಂಬ ಮೆಕ್ಯಾನಿಕಲ್ ಇಂಜಿನಿಯರ್ ಅದೇ ಸಂಸ್ಥೆಗಾಗಿ 1910ರಲ್ಲಿ ವರದಿ ಬರೆದು, ಕಾರ್ಖಾನೆಯ ಉತ್ಪಾದನೆಯನ್ನು ಅಳೆಯುವಂತೆ ಕಾಲೇಜಿನ ಪಾಠವನ್ನೂ ವಿದ್ಯಾರ್ಥಿ-ಗಂಟೆಗಳಲ್ಲಿ ಅಳೆಯಬೇಕೆಂದ. ಇಂದಿನ ಕ್ರೆಡಿಟ್ ಎಂಬುದು ಈ ಲೆಕ್ಕದ ಸಂತಾನ.

ಇದಕ್ಕೂ ಮೊದಲು, 1901ರಲ್ಲಿ, ಇಲಿನಾಯ್ ರಾಜ್ಯದ ಜೋಲಿಯೆಟ್ ಊರಿನಲ್ಲಿ ಇನ್ನೊಂದು ಪ್ರಯೋಗ ನಡೆದಿತ್ತು. ಊರು ಬಿಟ್ಟು ಹೋಗಲು ಅನುಕೂಲವಿಲ್ಲದ ಹುಡುಗರಿಗೆ ಕಾಲೇಜಿನ ಮೊದಲೆರಡು ವರ್ಷದ ಪಾಠವನ್ನು ಊರಿನ ಪ್ರೌಢಶಾಲೆಯಲ್ಲೇ ಹೇಳುವುದು, ಅದನ್ನು ಷಿಕಾಗೋ ವಿಶ್ವವಿದ್ಯಾಲಯದಂಥ ಕಡೆ ಲೆಕ್ಕಕ್ಕೆ ತೆಗೆದುಕೊಳ್ಳುವುದು ಅದರ ಉದ್ದೇಶ. ಆರಂಭದಲ್ಲಿದ್ದವರು ಆರು ಮಂದಿ ವಿದ್ಯಾರ್ಥಿಗಳು. ಅದೇ ಮುಂದೆ ಅಲ್ಲಿಯ ಜೂನಿಯರ್ ಕಾಲೇಜುಗಳಿಗೆ ಮೇಲ್ಪಂಕ್ತಿಯಾಯಿತು. ಕ್ಯಾಲಿಫೋರ್ನಿಯಾ ರಾಜ್ಯ 1960ರಲ್ಲಿ ಮಾಡಿದ ಮಹಾಯೋಜನೆ ಈ ಹಾದಿಯನ್ನು ರಾಜ್ಯದ ನೀತಿಯನ್ನಾಗಿಸಿತು. ಕಡಿಮೆ ಖರ್ಚಿನ ಊರ ಕಾಲೇಜಿನಲ್ಲಿ ಎರಡು ವರ್ಷ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ ಮುಗಿಸಿ, ಮೂರನೆಯ ವರ್ಷಕ್ಕೆ ವಿಶ್ವವಿದ್ಯಾಲಯದ ಇಂಜಿನಿಯರಿಂಗ್ ವಿಭಾಗ ಸೇರುವುದು ಅಲ್ಲಿ ಬಡವರ ಮಕ್ಕಳಿಗೆ ರಾಜಮಾರ್ಗವಾಯಿತು.

ಹಾಗೆಂದು ಅಲ್ಲಿ ಎಲ್ಲವೂ ಸುಲಭವೆಂದು ತಿಳಿಯಬೇಕಾಗಿಲ್ಲ. ಇಂಜಿನಿಯರಿಂಗ್ ಪಾಠ ಮೆಟ್ಟಿಲಿನ ಹಾಗೆ. ಕಲನಶಾಸ್ತ್ರವಿಲ್ಲದೆ ಬಲವಿಜ್ಞಾನವಿಲ್ಲ, ಬಲವಿಜ್ಞಾನವಿಲ್ಲದೆ ರಚನಾಶಾಸ್ತ್ರವಿಲ್ಲ. ಚರಿತ್ರೆ, ಸಾಹಿತ್ಯದಲ್ಲಿ ಗಳಿಸಿದ ಕ್ರೆಡಿಟ್ ಎಷ್ಟೇ ಇರಲಿ, ನಡುವಿನ ಒಂದು ಮೆಟ್ಟಿಲು ತಪ್ಪಿದರೆ ಆ ವಿದ್ಯಾರ್ಥಿ ಒಂದು ವರ್ಷ ಹಿಂದೆ ನಿಲ್ಲುತ್ತಾನೆ. ಕ್ರೆಡಿಟ್ ಜಮಾ ಆಗುವುದು ಬೇರೆ, ಅದು ಪದವಿಗೆ ಉಪಯೋಗಕ್ಕೆ ಬರುವುದು ಬೇರೆ. ಇಂದು ವಿದೇಶಕ್ಕೆ ಹೊರಟ ನಮ್ಮ ಮಕ್ಕಳೂ ಈ ವ್ಯತ್ಯಾಸವನ್ನು ಮೊದಲೇ ಅರಿತಿರುವುದು ಲೇಸು.

ಅಡ್ಡದಾರಿಯಲ್ಲ, ಪಕ್ಕದ ದಾರಿ

ಆ ಕ್ರಮ ನಮ್ಮ ದೇಶಕ್ಕೆ ಬಂದದ್ದು ಮುಖ್ಯವಾಗಿ ಕಾನ್ಪುರದ ಐ.ಐ.ಟಿ.ಯ ಮೂಲಕ. 1962ರಿಂದ 1972ರವರೆಗೆ ಒಂಬತ್ತು ಅಮೆರಿಕನ್ ವಿದ್ಯಾಸಂಸ್ಥೆಗಳು ಅದಕ್ಕೆ ನೆರವಾದವು. 1964ರಲ್ಲಿ ರೂಪುಗೊಂಡ ಪಿಲಾನಿಯ ಬಿಟ್ಸ್ ಕೂಡ ಅದೇ ಜಾಡು ಹಿಡಿಯಿತು. ಉಳಿದ ವಿಶ್ವವಿದ್ಯಾಲಯಗಳು ವರ್ಷಕ್ಕೊಂದು ಪರೀಕ್ಷೆಯ ಹಳೆಯ ಪದ್ಧತಿಯಲ್ಲೇ ಬಹುಕಾಲ ನಡೆದವು. ಈ ನಡುವೆ ಕೆಲವೆಡೆ ಇಂಟರ್ ಹೋಗಿ ಪಿ.ಯು.ಸಿ. ಬಂತು, ಮುಂಬಯಿಯಲ್ಲಿ ಇಂಟರ್ ಸೈನ್ಸ್ ಉಳಿಯಿತು. ರಾಜ್ಯದಿಂದ ರಾಜ್ಯಕ್ಕೆ ಹೋದ ನಮ್ಮ ಕುಟುಂಬಗಳು ಮೈಗ್ರೇಷನ್ ಸರ್ಟಿಫಿಕೇಟು ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದ ಕಾಲ ಅದು.

ಆದರೆ ನಮ್ಮ ಸಮಾಜದ ದೊಡ್ಡ ಕಥೆ ಇರುವುದು ಡಿಪ್ಲೊಮಾದವರಲ್ಲಿ. ಮನೆಯ ಸ್ಥಿತಿ ನೋಡಿ ಮೂರು ವರ್ಷದ ಡಿಪ್ಲೊಮಾ ಮುಗಿಸಿ, ಗಿರಣಿ, ಕಾರ್ಖಾನೆ, ರೈಲ್ವೆ ಸೇರಿ, ರಾತ್ರಿ ಪುಸ್ತಕ ಹಿಡಿದವರು ನಮ್ಮಲ್ಲಿ ಎಷ್ಟು ಜನ! ಅವರಿಗಿದ್ದ ಆಸರೆ ಇನ್‌ಸ್ಟಿಟ್ಯೂಷನ್ ಆಫ್ ಇಂಜಿನಿಯರ್ಸ್. 1920ರಲ್ಲಿ ಸ್ಥಾಪನೆಯಾಗಿ 1935ರಲ್ಲಿ ರಾಜಸನ್ನದು ಪಡೆದ ಈ ಸಂಸ್ಥೆಯ ಎ.ಎಂ.ಐ.ಇ. ಪರೀಕ್ಷೆಯನ್ನು ಎ, ಬಿ ಎಂಬ ಎರಡು ಭಾಗಗಳಲ್ಲಿ ಮುಗಿಸಿದವರನ್ನು ಪದವೀಧರರಿಗೆ ಸಮಾನವೆಂದು ಸರ್ಕಾರ ಒಪ್ಪಿತ್ತು. ಅಲ್ಲಿ ಯಾರೂ ತರಗತಿಯಲ್ಲಿ ಎಷ್ಟು ಗಂಟೆ ಕುಳಿತೆ ಎಂದು ಕೇಳುತ್ತಿರಲಿಲ್ಲ. ಏನು ಬಲ್ಲೆ ಎಂದು ಕೇಳುತ್ತಿದ್ದರು. ಎರಡು ಪಾಳಿಯ ನಡುವೆ ಓದಿ ಹತ್ತಾರು ಪತ್ರಿಕೆ ಮುಗಿಸುವುದು ತಪಸ್ಸೇ ಸರಿ. ಹಲವರು ಅರ್ಧದಲ್ಲಿ ಬಿಟ್ಟರು, ಮುಗಿಸಿದವರು ಆಫೀಸರಾದರು. 2013ರ ಮೇ 31ರ ತನಕ ನೋಂದಾಯಿಸಿಕೊಂಡವರಿಗೆ ಮಾತ್ರ ಆ ಸಮಾನತೆ ಉಳಿಯಿತು.

ಅಷ್ಟರಲ್ಲಿ ಇನ್ನೊಂದು ಬಾಗಿಲು ತೆರೆದಿತ್ತು. ಡಿಪ್ಲೊಮಾ ಮುಗಿಸಿದವರು ನೇರವಾಗಿ ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ಸೇರುವ ವ್ಯವಸ್ಥೆ ಅದು. ಲ್ಯಾಟರಲ್ ಎಂಟ್ರಿ ಎಂಬ ಅದರ ಹೆಸರೇ ಪಕ್ಕದ ಬಾಗಿಲೆಂದು ಹೇಳುತ್ತದೆ. ಬಂದವರಿಗೆ ಕೈಕೆಲಸ ಚೆನ್ನಾಗಿ ಗೊತ್ತು, ಗಣಿತ ಕಷ್ಟ. ಅದಕ್ಕಾಗಿಯೇ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಅಂಥವರಿಗೆ ಹೆಚ್ಚುವರಿ ಗಣಿತವನ್ನು ಕಡ್ಡಾಯ ಮಾಡಿತು. ಹೊರೆಯೆಂದು ಹುಡುಗರು ಗೊಣಗಿದರೂ ತಪ್ಪಿದ ಮೆಟ್ಟಿಲನ್ನು ಕಟ್ಟಿಕೊಡುವ ಕೆಲಸ ಅದು. ಮೂರು ವರ್ಷದ ಡಿಪ್ಲೊಮಾಕ್ಕೆ ಒಂದೇ ವರ್ಷ ಜಮಾ ಸಿಗುತ್ತದೆಂಬ ಕೊರಗು ಮಾತ್ರ ಹಾಗೆಯೇ ಇದೆ.

ಬ್ಯಾಂಕಿನ ಕಾಲ

ಹೊಸ ಶಿಕ್ಷಣ ನೀತಿ 2020ರಲ್ಲಿ ಬಂತು. 2021ರ ಜುಲೈನಲ್ಲಿ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಆರಂಭವಾಯಿತು. ವಿದ್ಯಾರ್ಥಿ ಗಳಿಸಿದ ಕ್ರೆಡಿಟ್ಟುಗಳನ್ನು ಅವನ ಹೆಸರಿನ ಖಾತೆಯಲ್ಲಿ ಇಡುವುದು, ಕಾಲೇಜು ಬದಲಾದರೆ ಅಲ್ಲಿಂದ ತೆಗೆದು ಕೊಡುವುದು ಇದರ ಕ್ರಮ. ಆ ವರ್ಷದ ನಿಯಮದಂತೆ ಜಮಾ ಆದದ್ದು ಏಳು ವರ್ಷದವರೆಗೆ ಬಾಳುತ್ತದೆ. ಪದವಿ ಕೊಡುವ ಸಂಸ್ಥೆಯಲ್ಲೇ ಅರ್ಧದಷ್ಟಾದರೂ ಗಳಿಸಿರಬೇಕು. 2018ರ ಮಾದರಿ ಪಠ್ಯಕ್ರಮ ಬಿ.ಟೆಕ್ ಪದವಿಗೆ 160 ಕ್ರೆಡಿಟ್ ಎಂದು ಸೂಚಿಸಿತ್ತು. ವಾರಕ್ಕೊಂದು ಗಂಟೆಯ ಪಾಠ ಒಂದು ಸೆಮಿಸ್ಟರ್ ನಡೆದರೆ ಒಂದು ಕ್ರೆಡಿಟ್, ಪ್ರಯೋಗಶಾಲೆಯಾದರೆ ಎರಡು ಗಂಟೆಗೆ ಒಂದು.

ಖಾತೆ ಇದೆಯೆಂದ ಮಾತ್ರಕ್ಕೆ ಚೆಕ್ಕು ಎಲ್ಲೆಡೆ ನಡೆಯುತ್ತದೆಂದಲ್ಲ. ಸೇರಿಸಿಕೊಳ್ಳುವ ಕಾಲೇಜಿನಲ್ಲಿ ಜಾಗವಿರಬೇಕು, ಪಾಠಪಟ್ಟಿ ಹೊಂದಬೇಕು, ಅಲ್ಲಿಯವರು ಒಪ್ಪಬೇಕು. ಆದ್ದರಿಂದ ನಮ್ಮ ಬಂಧುಗಳಿಗೆ ಎರಡು ಮಾತು. ಮಕ್ಕಳ ಅಂಕಪಟ್ಟಿಯಷ್ಟೇ ಜೋಪಾನವಾಗಿ ಪ್ರತಿ ಸೆಮಿಸ್ಟರಿನ ಪಾಠಪಟ್ಟಿಯನ್ನೂ ಕಾಲೇಜಿನ ಮುದ್ರೆಯೊಡನೆ ತೆಗೆದಿಡಿ. ಸಮಾನತೆಯ ತೀರ್ಮಾನವಾಗುವುದು ಅದರ ಮೇಲೆ. ಊರು ಬದಲಿಸುವ ಮೊದಲೇ ಯಾವ ಪತ್ರಿಕೆಗೆ ಯಾವುದು ಸಮ ಎಂದು ಬರಹದಲ್ಲಿ ಕೇಳಿ ಪಡೆಯಿರಿ. ಬಾಯಿಮಾತು ಪ್ರವೇಶದ ದಿನ ನೆರವಿಗೆ ಬಾರದು.

ನಮ್ಮ ಸಂಘಗಳೂ ಒಂದು ಕೆಲಸ ಮಾಡಬಹುದು. ಬೇರೆ ರಾಜ್ಯದ ಓದನ್ನು ಇಲ್ಲಿ, ಇಲ್ಲಿಯ ಓದನ್ನು ಕರ್ನಾಟಕದಲ್ಲಿ ಜಮಾ ಮಾಡಿಸಿಕೊಂಡ ಕುಟುಂಬಗಳು ನಮ್ಮ ಸದಸ್ಯರಲ್ಲೇ ಇವೆ. ಅವರ ಅನುಭವವನ್ನು ಬರೆದು ಸಂಗ್ರಹಿಸಿಟ್ಟರೆ ಜೂನ್ ತಿಂಗಳಲ್ಲಿ ಗಾಬರಿಯಿಂದ ಓಡಾಡುವ ಹೊಸಬರಿಗೆ ಅದರಷ್ಟು ಉಪಯುಕ್ತವಾದದ್ದು ಬೇರೊಂದಿಲ್ಲ. ಮೈಸೂರು ಸರ್ಕಾರ ಅಂದು ಒಬ್ಬ ಹುಡುಗನ ಪುಣೆಯ ಓದಿಗೆ ಹಣ ಕೊಟ್ಟಿತು. ಹಣ ಕೊಡುವ ಶಕ್ತಿ ನಮಗಿಲ್ಲದಿರಬಹುದು; ದಾರಿ ತೋರಿಸುವಷ್ಟು ತಿಳಿವಳಿಕೆ ನಮ್ಮಲ್ಲಿ ಧಾರಾಳವಾಗಿದೆ.