ಅಪ್ಪ ನೆಟ್ಟ ಆಲ, ಗೆಳೆಯ ನೆಟ್ಟ ಆಲ

ಅಪ್ಪ ನೆಟ್ಟ ಆಲದಮರವೆಂದು ಅದಕ್ಕೇ ನೇಣು ಹಾಕಿಕೊಳ್ಳಬೇಕೆ ಎಂಬ ಗಾದೆ ಎಲ್ಲರ ಬಾಯಲ್ಲೂ ಇದೆ. ಹಳೆಯದಕ್ಕೆ ಜೋತುಬಿದ್ದವರನ್ನು ಎಚ್ಚರಿಸಲು ಅದನ್ನು ಬಳಸುತ್ತೇವೆ, ಒಳಗಿನ ಚಿತ್ರವನ್ನು ಮಾತ್ರ ನಿಂತು ನೋಡುವುದಿಲ್ಲ. ಅಲ್ಲಿ ಅಪ್ಪ ಇಲ್ಲ. ಅವನು ನೆಟ್ಟ ಮರ ಇದೆ. ಮಗ ಅದರ ಕೆಳಗೆ ನಿಂತಿದ್ದಾನೆ. ತೀರಿಹೋದ ತಂದೆತಾಯಿಯ ಜಾಗದಲ್ಲಿ ಮರ ಬಂದು ನಿಲ್ಲುವ ಕತೆಗಳನ್ನು ಹುಡುಕುತ್ತ ಹೊರಟಾಗ ಮೊದಲು ಎದುರಾದದ್ದು ಈ ಗಾದೆ. ಅದರ ಬೆನ್ನಿಗೇ ನೆನಪಾದದ್ದು ಖಾನಾಪುರ ತಾಲ್ಲೂಕಿನ ನಂದಗಡದ ಆಲ.

ಯುರೋಪಿನ ಕತೆಗಳಲ್ಲಿ ಈ ಮರ ಗೋರಿಯ ಮೇಲೆಯೇ ಬೆಳೆಯುತ್ತದೆ. ಗ್ರಿಮ್ ಸಹೋದರರ ಸಿಂಡ್ರೆಲಾ ಕತೆಯ 1812ರ ಮುದ್ರಣದಲ್ಲಿ, ಸಾಯುವ ತಾಯಿಯೇ ಮಗಳಿಗೆ ತನ್ನ ಗೋರಿಯ ಮೇಲೊಂದು ಗಿಡ ನೆಡು, ಬೇಕಾದದ್ದಿದ್ದರೆ ಅದನ್ನು ಅಲುಗಿಸು ಎನ್ನುತ್ತಾಳೆ. ಮುಂದಿನ ಮುದ್ರಣಗಳಲ್ಲಿ ತಂದೆ ತಂದುಕೊಟ್ಟ ಹೇಜಲ್ ಕೊಂಬೆಯನ್ನು ಮಗಳು ನೆಡುತ್ತಾಳೆ, ಅವಳ ಕಣ್ಣೀರೇ ಅದಕ್ಕೆ ನೀರು. ನಮ್ಮ ಕಾಲದಲ್ಲಿ ಆಸ್ಟ್ರೇಲಿಯಾದ ಜೂಡಿ ಪ್ಯಾಸ್ಕೋ 2002ರಲ್ಲಿ ಬರೆದ ಕಾದಂಬರಿಯ ಹುಡುಗಿಗೆ, ತೀರಿಹೋದ ಅಪ್ಪ ಮನೆಯ ಪಕ್ಕದ ಮರದಲ್ಲಿ ಮಾತಾಡುವುದು ಕೇಳಿಸುತ್ತದೆ. 2010ರಲ್ಲಿ ಅದು ಸಿನಿಮಾ ಆದಾಗ ತೆರೆಯ ಮೇಲೆ ನಿಂತದ್ದು ದೈತ್ಯ ಮೊರ್ಟನ್ ಬೇ ಅಂಜೂರ. ನಮ್ಮ ಆಲ, ಅತ್ತಿ, ಅರಳಿಗಳ ಕುಲವೇ ಅದು.

ಕನ್ನಡಕ್ಕೆ ಬರೋಣ. 1950ರ ದಶಕದಲ್ಲಿ ಎ.ಕೆ. ರಾಮಾನುಜನ್ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದರು. ಹೆಂಗಸರು ಮನೆಯೊಳಗೆ ಹೇಳುವ ಕತೆಗಳನ್ನು ಅವರು ಬರೆದುಕೊಳ್ಳತೊಡಗಿದ್ದೂ ಆ ದಶಕದಲ್ಲೇ. ಅವರು ಸಂಗ್ರಹಿಸಿದ ಕನ್ನಡದ ಸಿಂಡ್ರೆಲಾ ‘ಹಂಚಿ’ 1982ರಲ್ಲಿ ಅಲನ್ ಡಂಡೆಸ್ ಸಂಪಾದಿಸಿದ ಸಿಂಡ್ರೆಲಾ ಸಂಪುಟದಲ್ಲಿ ಪ್ರಕಟವಾಯಿತು. ತಾಯಿ ಇಲ್ಲಿಯೂ ಸಾಯುತ್ತಾಳೆ. ಒಡಹುಟ್ಟಿದವನ ಕಣ್ಣಿನಿಂದ ಮಗಳನ್ನು ಉಳಿಸಲು ಅವಳ ಮುಖಕ್ಕೆ ಮಣ್ಣಿನ ಮುಖವಾಡ ಮಾಡಿಸಿ ಹಾಕಿ, ಮನೆ ಬಿಟ್ಟು ಕಳಿಸಿ, ತಾನು ವಿಷ ಕುಡಿಯುತ್ತಾಳೆ. ಆದರೆ ಅವಳ ಹೆಸರಲ್ಲಿ ಮರ ಹುಟ್ಟುವುದಿಲ್ಲ. ಮಗಳ ಬಳಿ ಉಳಿಯುವುದು ಕುಂಬಾರನ ಕೈಯ ಆ ಹಂಚು, ಹುಡುಗಿಯ ಹೆಸರೂ ಅದರಿಂದಲೇ ಬಂದದ್ದು.

ಮರ ಬರುವುದು ರಾಮಾನುಜನ್ ಸಂಗ್ರಹದ ಇನ್ನೊಂದು ಕತೆಯಲ್ಲಿ, ಹೂವಿನ ಮರವಾಗುವ ಹುಡುಗಿಯದರಲ್ಲಿ. ಕೂಲಿ ಮಾಡಿ ಸಾಕುವ ತಾಯಿಗೆ ನೆರವಾಗಲು ಕಿರಿಯ ಮಗಳು ಮರವಾಗುತ್ತಾಳೆ. ಅಕ್ಕ ಒಂದು ಕೊಡ ನೀರನ್ನು ಉಗುರು ಸೋಕದಂತೆ ಸುರಿದರೆ ಹುಡುಗಿ ಮರ. ಎಲೆ ಮುರಿಯದಂತೆ, ತೊಟ್ಟು ನೋಯದಂತೆ ಹೂ ಬಿಡಿಸಿ ಇನ್ನೊಂದು ಕೊಡ ಸುರಿದರೆ ಮರ ಮತ್ತೆ ಹುಡುಗಿ. ಮದುವೆಯಾದ ಮೇಲೆ ಗಂಡನ ತಂಗಿಯ ಜೊತೆಗಾತಿಯರು ಕೊಂಬೆ ಮುರಿದು, ಎರಡನೆಯ ಕೊಡವನ್ನು ಸರಿಯಾಗಿ ಸುರಿಯದೆ ಹೋದಾಗ ಕೈಕಾಲಿಲ್ಲದ ಅರೆದೇಹ ಉಳಿಯುತ್ತದೆ. ಎಷ್ಟು ಸಲ ಓದಿದರೂ ನನ್ನನ್ನು ತಡೆದು ನಿಲ್ಲಿಸುವುದು ಆ ಉಗುರಿನ ಎಚ್ಚರಿಕೆ. ಮರವನ್ನು ಮೈ ಎಂದು ಬಲ್ಲವರಿಗೇ ಆ ಮಾತು ಹೊಳೆಯಲು ಸಾಧ್ಯ.

ಹಾಗಾದರೆ ತಾಯಿ ಏಕೆ ಮರವಾಗಲಿಲ್ಲ? ಗೋರಿಯೇ ಇಲ್ಲದ ಮೇಲೆ ಗೋರಿಯ ಮರ ಎಲ್ಲಿಂದ ಎಂಬ ಉತ್ತರ ಸುಲಭವಾಗಿ ಸಿಗುತ್ತದೆ. ಅದು ಸಾಲದು. ಈ ಸೀಮೆಯಲ್ಲಿ ಲಿಂಗಾಯತರು ಹೂಳುವವರು, ಬೇರೆ ಎಷ್ಟೋ ಸಮುದಾಯದವರೂ ಹೂಳುವವರೇ. ಊರೂರಲ್ಲಿ ಗದ್ದುಗೆಗಳಿವೆ. ನನ್ನ ಊಹೆ ಬೇರೆ. ಹೆಂಗಸರ ಕತೆಯಲ್ಲಿ ಮರದ ಜಾಗ ಮೊದಲೇ ತುಂಬಿಹೋಗಿತ್ತು. ಮೈನೆರೆದವಳನ್ನು ಪುಷ್ಪವತಿ ಎನ್ನುವ ಭಾಷೆ ನಮ್ಮದು, ರಾಮಾನುಜನ್ ಕೂಡ ಈ ನಂಟನ್ನು ಗುರುತಿಸಿದ್ದಾರೆ. ಮರ ಎಂದರೆ ಮಗಳು ಎಂದಾದ ಮೇಲೆ ಅಮ್ಮನಿಗೆ ಅಲ್ಲಿ ನೆಲೆ ಸಿಗಲಿಲ್ಲ. ಸಾಲುಮರದ ತಿಮ್ಮಕ್ಕ ಆಲದ ಸಸಿಗಳನ್ನು ಮಕ್ಕಳೆಂದು ಸಾಕಿದಾಗ ನಾಡಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಮರವನ್ನು ಹಿರಿಯರ ಕಡೆಗೆ ತಿರುಗಿಸಿದ್ದು ಗಾದೆ. ಅಲ್ಲಿ ಅದು ಕೊಡುವ ಮರವಲ್ಲ, ಕೊರಳಿಗೆ ಬರುವ ಮರ.

ನಂದಗಡ ನನಗೆ ಮುಖ್ಯವಾಗುವುದು ಇಲ್ಲಿ. ಕಿತ್ತೂರಿಗಾಗಿ ಕಂಪನಿ ಸರ್ಕಾರದ ವಿರುದ್ಧ ಹೋರಾಡಿದ ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ಅಲ್ಲಿ ಆಲದಮರಕ್ಕೆ ಗಲ್ಲಿಗೇರಿಸಿದರು. ಹತ್ತಿರದಲ್ಲೇ ಹೂಳಿದರು. ಆ ಗೋರಿಯ ಮೇಲೆ ಒಡನಾಡಿ ಬಿಚ್ಚುಗತ್ತಿ ಚನ್ನಬಸಪ್ಪ ಒಂದು ಆಲದ ಸಸಿ ನೆಟ್ಟ ಎಂದು ಜನ ಹೇಳುತ್ತ ಬಂದಿದ್ದಾರೆ. ಈಗ ಅಲ್ಲಿ ನಿಂತಿರುವುದು ಆ ಸಸಿ ಬೆಳೆದ ಮರ. ಇದನ್ನು ಕಾಗದಪತ್ರದ ಸಾಕ್ಷ್ಯವೆಂದು ನಾನು ಮುಂದಿಡುತ್ತಿಲ್ಲ, ಕಥನವೆಂದೇ ಓದುತ್ತಿದ್ದೇನೆ. ಜೀವ ತೆಗೆದದ್ದೂ ಆಲ, ಜೀವದ ಗುರುತಾಗಿ ನೆಟ್ಟದ್ದೂ ಆಲ. ಬೇವನ್ನೋ ಬಿಲ್ವವನ್ನೋ ನೆಡಬಹುದಿತ್ತು. ಜನರ ನೆನಪು ಅದೇ ಜಾತಿಯ ಮರವನ್ನು ಆರಿಸಿಕೊಂಡಿದೆ, ನೇಣಿನಿಂದ ಆಲವನ್ನು ಬಿಡಿಸಿ ತಂದಿದೆ.

ನೆಟ್ಟವನು ಮಗನಲ್ಲ ಎಂಬುದೂ ಗಮನಕ್ಕೆ ಬರಬೇಕು. ಕಿತ್ತೂರಿನ ಇಡೀ ಹೋರಾಟ ನಿಂತದ್ದೇ ಮಗ ಯಾರು ಎಂಬ ಪ್ರಶ್ನೆಯ ಮೇಲೆ. 1824ರಲ್ಲಿ ಅಲ್ಲಿನ ದೊರೆ ಶಿವಲಿಂಗರುದ್ರಸರ್ಜ ತೀರಿಕೊಂಡಾಗ ದತ್ತುಮಗ ಶಿವಲಿಂಗಪ್ಪನನ್ನು ಕಂಪನಿ ಸರ್ಕಾರ ಒಪ್ಪಲಿಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ಕಂಪನಿಯ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಕಾಳಗದಲ್ಲಿ ಸತ್ತ. 1829ರ ಫೆಬ್ರವರಿಯಲ್ಲಿ ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ಕಣ್ಣುಮುಚ್ಚಿದರು. ಆಮೇಲೂ ರಾಯಣ್ಣ ಹೋರಾಡಿದ್ದು ಆ ದತ್ತುಮಗನನ್ನು ಗಾದಿಗೆ ಕೂರಿಸಲು. ರಕ್ತಸಂಬಂಧವಿಲ್ಲದವನೂ ಮಗನಾಗಬಲ್ಲ ಎಂಬ ಮಾತಿಗಾಗಿ ಜೀವ ಕೊಟ್ಟವನ ಗೋರಿಯ ಮೇಲೆ, ಮಗ ಮಾಡಬೇಕಾದ ಕೆಲಸವನ್ನು ಗೆಳೆಯನೊಬ್ಬ ಮಾಡಿದ ಎಂದು ಈ ಕತೆ ಹೇಳುತ್ತದೆ. ಇದು ಬರಿಯ ಕಾಕತಾಳೀಯ ಎಂದು ತಳ್ಳಿಹಾಕಲು ನನ್ನಿಂದಾಗದು.

ಆಲಕ್ಕೆ ಇನ್ನೊಂದು ಗುಣವಿದೆ. ಕೊಂಬೆಯಿಂದ ಇಳಿಯುವ ಬಿಳಲು ಮೊದಲು ಹುರಿಯಷ್ಟು ತೆಳು, ಗಾಳಿಗೆ ಓಲಾಡುತ್ತದೆ. ತುದಿ ಎಳೆಯದು, ಉಗುರು ತಾಗಿದರೂ ಗಾಯ. ನೆಲ ಮುಟ್ಟಿ ಬೇರೂರಿದ ಮೇಲೆ ಅದೇ ದಪ್ಪವಾಗಿ ಕಂಬವಾಗುತ್ತದೆ. ಹಳೆಯ ಆಲಗಳಲ್ಲಿ ನಡುವಿನ ಬೊಡ್ಡೆ ಕೊಳೆತು ಹೋದರೂ ಬಿಳಲುಗಳು ಮರವನ್ನು ಹೊತ್ತು ನಿಲ್ಲುತ್ತವೆ. ಯಾವುದು ತಾಯಿಬೊಡ್ಡೆ, ಯಾವುದು ಆಮೇಲಿನದು ಎಂದು ಆಗ ಹೇಳಲಾಗುವುದಿಲ್ಲ.

ನಂದಗಡದ ಆ ಮರಕ್ಕೆ ಈಗ ಹರಕೆ ಹೊತ್ತವರು ಬರುತ್ತಾರೆ. ರಾಯಣ್ಣನಂಥ ಮಗ ಹುಟ್ಟಲಿ ಎಂದು ಬೇಡಿಕೊಂಡು, ಹಗ್ಗವೊಂದು ಇಳಿದಿದ್ದ ಜಾತಿಯದೇ ಕೊಂಬೆಗೆ ಪುಟ್ಟ ತೊಟ್ಟಿಲು ಕಟ್ಟಿ ಹೋಗುತ್ತಾರೆ.